ಬ್ಯಾಡ ಅಂದ ಸೀಡಿ

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ಗಂಟಲಿನ ಆಪರೇಷನ್ ಆಗಿ ದನಿ ಹೋಗಿತ್ತು. ಪೂರಾ ಹೋಗಿರಲಿಲ್ಲ, ಬಾಯಿ ತೆರೆದರೆ ಹಳೆಯ ಬಾಗಿಲು ತೆಗೆದಂತೆ ಕಿರ್ ಎನ್ನುತ್ತಿತ್ತು. ಬೈಯಲು ಸಾಕಾಗುತ್ತಿತ್ತು, ಹಾಡಲು ಆಗುತ್ತಿರಲಿಲ್ಲ.

ನಾನು ಹಾಡುವವಳು. ದೊಡ್ಡ ಹಾಡುಗಾರ್ತಿ ಎಂದಲ್ಲ. ಸೇಡಂ ಕಡೆಯ ನಮ್ಮ ಊರಲ್ಲಿ ಭಜನೆ ಇದ್ದರೆ, ಮದುವೆಮನೆಯ ಅರಿಶಿನ ಇದ್ದರೆ, ತೊಟ್ಟಿಲು ಇದ್ದರೆ ಕರೆಯುತ್ತಿದ್ದರು. ನಾನು ಮುಂದೆ ಹಾಡುತ್ತಿದ್ದೆ, ನನ್ನ ತಂಗಿ ಹಿಂದೆ ಹಾಡುತ್ತಿದ್ದಳು. ನಮ್ಮಲ್ಲಿ ಹೀಗೇ. ಒಬ್ಬಳು ಸಾಲು ಎತ್ತಿಕೊಟ್ಟರೆ ಇನ್ನೊಬ್ಬಳು ಅದೇ ಸಾಲು ಹಿಡಿದು ತಿರುಗಿ ಹಾಡಬೇಕು. ಅಷ್ಟರಲ್ಲಿ ಮುಂದಿನವಳು ಉಸಿರು ತೆಗೆದುಕೊಳ್ಳುತ್ತಾಳೆ. ತಂಗಿ ಮದುವೆಯಾಗಿ ವಾಡಿಗೆ ಹೋದ ಮೇಲೂ ರೈಲು ಹತ್ತಿ ಬಂದು ನನ್ನ ಹಿಂದೆ ನಿಲ್ಲುತ್ತಿದ್ದಳು. ನನ್ನ ಉಸಿರು ಅವಳ ಕೈಯಲ್ಲಿತ್ತು ಎಂದರೂ ತಪ್ಪಿಲ್ಲ.

ನಾವು ಹಾಡುತ್ತಿದ್ದವುಗಳಲ್ಲಿ ಒಂದು ನಮ್ಮವ್ವನ ಹಾಡು. ಅವ್ವ ಚಿಂಚೋಳಿಯ ಆಚೆ, ತೆಲುಗು ಸೀಮೆಗೆ ಹತ್ತಿದ ಹಳ್ಳಿಯವಳು. ಮನೆಯಲ್ಲಿ ಹೊಲದಲ್ಲಿ ಕನ್ನಡವನ್ನೇ ಆಡುತ್ತಿದ್ದಳು. ಆದರೆ ನೀರಿಗೆ ಮಾತ್ರ ಸಾಯುವ ತನಕ ನೀಳ್ಳು ಎಂದಳು. ಉಳಿದ ಮಾತನ್ನೆಲ್ಲ ಗಂಡನ ಊರಿಗೆ ಒಪ್ಪಿಸಿ ಅದೊಂದನ್ನು ಬಿಡಲಿಲ್ಲ. ಬಾವಿಯ ಹತ್ತಿರ ಹೆಂಗಸರು "ನೀಳ್ಳವ್ವ ಬಂದ್ಳು, ಸರೀರಿ ಸರೀರಿ" ಎಂದು ಆಡಿಕೊಳ್ಳುತ್ತಿದ್ದರು. ಅವ್ವ ತನ್ನ ಪಾಡಿಗೆ ಕೊಡ ತುಂಬಿಕೊಂಡು ಬರುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ತಂಗಿಗೆ ನಾಚಿಕೆ ಬರುತ್ತಿತ್ತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಮ್ಮಿಬ್ಬರ ನಡುವೆ ಇದ್ದ ಫರಕು ಅಷ್ಟೇ.

ಜೋಳ ಬೀಸುವಾಗ ಅವ್ವ ತಾನೇ ಕಟ್ಟಿಕೊಂಡು ಹಾಡುತ್ತಿದ್ದಳು:

ನೀಳ್ಳಿಗಿ ಹೋದಾಕಿ ನಿಂತಾಳ ದಂಡ್ಯಾಗ
ನೀಳ್ಳಾಗ ತನ್ನ ಮಾರಿ ನೋಡ್ಯಾಳ

ನೀರಿಗೆ ಹೋದವಳು ದಂಡೆಯಲ್ಲಿ ನಿಂತು ನೀರಿನಲ್ಲಿ ತನ್ನ ಮುಖ ನೋಡಿಕೊಂಡಳು ಎಂದು. ಮುಂದೆ ಉದ್ದ ಇದೆ. ನಾನು ಅವ್ವ ಹಾಡಿದ ಹಾಗೆ ನೀಳ್ಳು ಎಂದೇ ಹಾಡುತ್ತಿದ್ದೆ. ತಂಗಿ ಹಿಂದಿನಿಂದ ಹಿಡಿಯುವಾಗ ಮೆಲ್ಲಗೆ ಅದನ್ನು ನೀರು ಮಾಡಿಬಿಡುತ್ತಿದ್ದಳು. ಗದ್ದಲದಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ನನಗೆ ಕೇಳುತ್ತಿತ್ತು. ಒಂದೆರಡು ಸಲ ಬೈದೆ, ಆಮೇಲೆ ಬಿಟ್ಟೆ. ಮುಂದಿನ ಸಾಲು ನನ್ನದೇ ಇತ್ತಲ್ಲ, ಅಲ್ಲಿ ಮತ್ತೆ ನೀಳ್ಳು ಎನ್ನುತ್ತಿದ್ದೆ.

ಮೊಬೈಲಿನಲ್ಲಿ ಹಾಡು ಬರುವುದಕ್ಕೆ ಮುಂಚೆ ಒಮ್ಮೆ ಚಿತ್ತಾಪುರದ ಪೇಟಿ ಮಾಸ್ತರರು ನಮ್ಮಿಬ್ಬರ ಹಾಡು ಕೇಳಿ ಸೀಡಿ ಮಾಡಿಸೋಣ ಎಂದರು. ಹಾರ್ಮೋನಿಯಂ ಪೆಟ್ಟಿಗೆಗೆ ನಾವು ಪೇಟಿ ಅನ್ನುತ್ತೇವೆ. ಶಹಾಬಾದಿನ ಒಂದು ಸ್ಟುಡಿಯೋಕ್ಕೆ ಕರೆದುಕೊಂಡು ಹೋದರು. ಸ್ಟುಡಿಯೋ ಎಂದರೆ ಮೊದಲು ನೆಲಕ್ಕೆ ಹಾಸುವ ಫರ್ಸಿ ಕಲ್ಲು ಒಟ್ಟುತ್ತಿದ್ದ ಗೋದಾಮು. ಗೋಡೆಗೆಲ್ಲ ಗೋಣಿಚೀಲ ಹೊಡೆದು ಒಳಗೆ ಉಸಿರು ಕಟ್ಟುತ್ತಿತ್ತು. ಬೆಳಿಗ್ಗೆಯಿಂದ ಹಾಡಿದೆವು. ಅವ್ವನ ಹಾಡು ಬಂದಾಗ ಮಾಸ್ತರರು ಪೇಟಿ ನಿಲ್ಲಿಸಿದರು.

"ಅಕ್ಕಾರೆ, ನೀಳ್ಳು ಅಂದ್ರ ತೆಲುಗು ಆಗ್ತದ. ಸೀಡಿ ಕೇಳೋರು ನಗ್ತಾರ. ನೀರು ಅನ್ರಿ."

"ನಗ್ಲಿ. ನಕ್ಕೋತರೆ ಕೇಳ್ತಾರಲ್ಲ."

"ತಪ್ಪ ಹಾಡಿದಂಗ ಆಗ್ತದರಿ."

"ಕಟ್ಟಿದಾಕಿ ನಮ್ಮವ್ವ. ಆಕಿ ಸತ್ತು ಭಾಳ ದಿನ ಆತು. ತಪ್ಪಿದ್ರ ನೀವೇ ಹೋಗಿ ಹೇಳಿ ಬರ್ರಿ."

ತಬಲಾದವನು ಫಕ್ಕನೆ ನಕ್ಕ. ತಂಗಿ ನನ್ನ ಮೊಣಕೈ ತಿವಿದಳು. "ಅಂದುಬಿಡ ಅಕ್ಕಾ. ನೀರು ಅಂದ್ರ ನಿಂದೇನ್ ಗಂಟ ಹೋಗ್ತದ?"

ನಾನು ನೀಳ್ಳು ಎಂದೇ ಹಾಡಿದೆ. ಮಾಸ್ತರರು ಮತ್ತೆ ಪೇಟಿ ಹಿಡಿದರು. ಅವತ್ತು ಗೆದ್ದೆ ಎಂದುಕೊಂಡು ಊರಿಗೆ ಬಂದೆ.

ಕೆಲವು ತಿಂಗಳಾದ ಮೇಲೆ ತಂಗಿ ಒಂದು ಸೀಡಿ ತಂದುಕೊಟ್ಟಳು. ಮೇಲಿನ ಕಾಗದದಲ್ಲಿ ನಮ್ಮಿಬ್ಬರ ಫೋಟೋ. ನಾನು ಮುಂದೆ, ಅವಳು ನನ್ನ ಹೆಗಲ ಹಿಂದೆ. ನಮ್ಮ ಮನೆಯಲ್ಲಿ ಅದನ್ನು ಹಾಕುವ ಯಂತ್ರ ಇರಲಿಲ್ಲ. ಅವಳ ಮನೆಯಲ್ಲಿ ಇದ್ದದ್ದು ಕೆಟ್ಟಿದೆ ಎಂದಳು. ನಾನೂ ಒತ್ತಾಯ ಮಾಡಲಿಲ್ಲ. ಗಂಟಲು ಗಟ್ಟಿ ಇರುವವಳಿಗೆ ತನ್ನ ಹಾಡು ತಾನು ಕೇಳುವ ಹುಚ್ಚು ಇರುವುದಿಲ್ಲ, ಬೇಕೆನಿಸಿದರೆ ಬಾಯಿ ತೆರೆದು ಹಾಡಿದರಾಯಿತು. ಸೀಡಿಯನ್ನು ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟೆ. ಮಾಸ್ತರರು ತೀರಿಹೋದರು. ಸ್ಟುಡಿಯೋ ಮುಚ್ಚಿ ಮತ್ತೆ ಗೋದಾಮು ಆಯಿತೆಂದು ಯಾರೋ ಹೇಳಿದರು.

ಆಪರೇಷನ್ ಆದ ಮೇಲೆ ಸೀಡಿಯ ನೆನಪಾಯಿತು. ನನಗೆ ಹೆಣ್ಣುಮಕ್ಕಳಿಲ್ಲ. ಸೊಸೆಗೆ ಹಾಡು ಬರುವುದಿಲ್ಲ, ಅವಳ ತಪ್ಪಲ್ಲ. ಅವ್ವನ ಹಾಡು ಅವ್ವನ ಮಾತಿನಲ್ಲೇ ಈ ಭೂಮಿಯ ಮೇಲೆ ಇನ್ನೆಲ್ಲಾದರೂ ಉಳಿದಿದ್ದರೆ ಅದು ಆ ಸೀಡಿಯೊಳಗೆ ಮಾತ್ರ. ನನಗೆ ಬೇಕಾದದ್ದು ಒಂದೇ. ಒಮ್ಮೆ ಕೇಳಬೇಕು, ಯಾರಿಗಾದರೂ ಕೇಳಿಸಬೇಕು.

ಸೀಡಿ ಹಿಡಿದು ವಾಡಿಗೆ ಹೋದೆ. ತಂಗಿಯ ಗಂಡ ರೈಲ್ವೆಯಲ್ಲಿದ್ದು ನಿವೃತ್ತರಾದವರು. ಮರ್ಯಾದೆಗೆ ಅವರು ಎಂದೇ ಬರೆಯುತ್ತೇನೆ. ಅವರ ಹತ್ತಿರ ಕಂಪ್ಯೂಟರ್ ಇತ್ತು. ಎಲ್ಲರದರಂತಲ್ಲ, ಲಿನಕ್ಸ್ ಎಂಬುದರ ಮೇಲೆ ನಡೆಯುತ್ತದೆ, ಪುಕ್ಕಟೆ ಸಿಗುತ್ತದೆ, ವೈರಸ್ ಹತ್ತುವುದಿಲ್ಲ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಹಾಲು ಹಾಕುವವನಿಗೂ ಹೇಳಿದ್ದಾರೆ.

ಸೀಡಿಯನ್ನು ಅಂಗಿಯ ತುದಿಯಿಂದ ಒರೆಸಿ, ಕಂಪ್ಯೂಟರಿನಿಂದ ಹೊರಬಂದ ತಟ್ಟೆಯ ಮೇಲಿಟ್ಟು ಒಳಗೆ ತಳ್ಳಿದರು. ಡಬ್ಬಿ ಗರ್ ಎಂದಿತು. ಕರಿ ಪರದೆಯ ಮೇಲೆ ಟಕಟಕ ಬರೆದರು. ನನ್ನ ಕಣ್ಣು ಆ ಪರದೆಯ ಮೇಲೆಯೇ ಇತ್ತು. ಒಳಮನೆಯಲ್ಲಿ ತಂಗಿ ಪಾತ್ರೆಗಳನ್ನು ಬಡಿದು ಬಡಿದು ತೊಳೆಯುತ್ತಿದ್ದಳು, ಹೊರಗೆ ಬರಲಿಲ್ಲ.

"ಮೌಂಟ್ ಆಗವಲ್ದು ಅಕ್ಕಾರೆ."

"ಹಂಗಂದ್ರ?"

"ಸೀಡಿನ ಸಿಸ್ಟಮ್ಮಿಗಿ ಏರಸಬೇಕ್ರಿ. ಏರಸಿದ್ರ ಒಳಗ ಏನದ ಅಂತ ಕಾಣಸ್ತದ. ಏರವಲ್ದು."

"ಏರಲಿಕ್ಕಿ ಅದೇನ್ ಕುದುರಿ ಏನು?"

"ಹಂಗೇ ತಿಳೀರಿ. ನೋಡ್ರಿ, ಏನ್ ಬಂದದ. ರಾಂಗ್ ಟೈಪ್, ಬ್ಯಾಡ್ ಸೂಪರ್‌ಬ್ಲಾಕ್."

ಅಷ್ಟರಲ್ಲಿ ನನಗೆ ತಿಳಿದದ್ದು ಒಂದೇ ಮಾತು. "ಬ್ಯಾಡ ಅನ್ಲಿಕತ್ತದೇನು?"

ಅವರು ನಕ್ಕರು. "ಹೌದ್ರಿ, ಛಲೋ ತಿಳೀತು ನಿಮಗ. ಬ್ಯಾಡ ಅನ್ಲಿಕತ್ತದ."

ನಾನೂ ನಕ್ಕೆ. ಆಮೇಲೆ ಅವರು ಕಿವಿಗೆ ವೈರು ಸಿಕ್ಕಿಸಿಕೊಂಡು ಏನೋ ಒತ್ತಿ, ಸುಮ್ಮನೆ ಗೋಡೆ ನೋಡುತ್ತ ಕುಳಿತರು. ವೈರು ತೆಗೆದರು. "ಮೌಂಟ್ ಆಗಂಗಿಲ್ರಿ" ಎಂದರು, ಮತ್ತೆ ಅದೇ ಮಾತು. ತಂಗಿ ಆಗ ಚಹಾ ತಂದಳು.

"ಹಳೇದಾತು ಬಿಡ ಅಕ್ಕಾ. ಸೀಡಿನೂ ಸಾಯ್ತಾವ."

ಇನ್ನೊಮ್ಮೆ ಹೋದಾಗಲೂ ಹಾಕಿ ನೋಡಿದರು. ಆಗಲೂ ಬ್ಯಾಡ. ಯಂತ್ರ ಬೇಡ ಎಂದರೆ ಮನುಷ್ಯರೇನು ಮಾಡುತ್ತಾರೆ ಎಂದುಕೊಂಡೆ. ಸತ್ತದ್ದೆಂದು ತಿಳಿದೂ ಸೀಡಿಯನ್ನು ತಿರುಗಿ ಸೀರೆಯೊಳಗೇ ಇಟ್ಟೆ.

ನಮ್ಮ ಊರ ಪಂಚಾಯತಿಯಲ್ಲಿ ಒಂದು ಗ್ರಂಥಾಲಯ ಇದೆ. ಬೇಸಿಗೆಯಲ್ಲಿ ನಾನು ಅಲ್ಲಿ ಹೋಗಿ ಕೂರುತ್ತೇನೆ. ನೋಡಿಕೊಳ್ಳುವವಳು ಬೇರೆ ಊರಿನಿಂದ ಬರುವ ಹೆಣ್ಣುಮಗಳು, ಬಾಯಿ ಚುರುಕು.

"ಆಯಿ, ಫ್ಯಾನಿಗಿ ಬಂದೀರೋ, ಪೇಪರಿಗಿ ಬಂದೀರೋ?"

"ಫ್ಯಾನಿಗಿ. ನಿನ್ನ ಮರ್ಯಾದಿಗಿ ಪೇಪರ್ ಹಿಡೀತೀನಿ."

ಆ ವರ್ಷ ಅಲ್ಲಿಗೆ ಒಂದು ಹಳೆಯ ಕಂಪ್ಯೂಟರ್ ಬಂದಿತ್ತು, ಯಾವುದೋ ಆಫೀಸಿನವರು ಬಳಸಿ ಬಿಟ್ಟದ್ದು. ಅದಕ್ಕೂ ವಾಡಿಯದಕ್ಕೆ ಇದ್ದಂಥದೇ ತಟ್ಟೆ ಇತ್ತು. ಒಮ್ಮೆ ಅವಳು ಕರಿ ಪರದೆ ತೆರೆದು ಏನೋ ಬರೆಯುವುದು ಕಂಡಿತು.

"ಇದೂ ಲಿನಕ್ಸ್ ಏನು?"

ಅವಳು ಕುರ್ಚಿಯಲ್ಲೇ ತಿರುಗಿ ನನ್ನನ್ನು ನೋಡಿದಳು. "ಯವ್ವಾ! ನಿಮಗ್ಯಾರ್ ಹೇಳ್ಯಾರ ಆಯಿ?"

"ವಾಡ್ಯಾಗ ಒಂದದ. ಅದು ನನ್ನ ಸೀಡಿಗಿ ಬ್ಯಾಡ ಅಂತು. ಇದೇನಂತದ ಕೇಳ್ತೀಯೇನು?"

ಮಾರನೆಯ ದಿನ ಸೀಡಿ ಒಯ್ದೆ. ಅವಳಿಗೂ ಹೆಚ್ಚು ಬರುತ್ತಿರಲಿಲ್ಲ. ಪೆನ್‌ಡ್ರೈವ್ ಕಾಣಿಸದಿದ್ದರೆ ಹೀಗೆ ಏರಿಸಿರಿ ಎಂದು ಟ್ರೇನಿಂಗಿನಲ್ಲಿ ಹೇಳಿಕೊಟ್ಟಿದ್ದರಂತೆ, ಅದನ್ನೇ ಮಾಡಿದಳು. ಪರದೆ ಓದಿದಳು. "ರಾಂಗ್ ಟೈಪ್... ಬ್ಯಾಡ್ ಸೂಪರ್..."

"ಸಾಕು ಬಿಡು. ಇದೂ ಬ್ಯಾಡ ಅಂತು."

ನಾನು ಎದ್ದೆ. ಅವಳು ತಟ್ಟೆ ತೆಗೆಯಲು ಗುಂಡಿ ಒತ್ತಿದಳು, ಬರಲಿಲ್ಲ. ಪರದೆಯ ಮೇಲಿದ್ದ ಸೀಡಿಯ ಚಿತ್ರದ ಮೇಲೆ ಒತ್ತಿದಳು. ಸಿಟ್ಟಿಗೆ ಮತ್ತೊಮ್ಮೆ ಒತ್ತಿದಳು. ಒಂದು ಕಿಟಕಿ ತೆರೆಯಿತು, ಅದರೊಳಗೆ ಸಾಲಾಗಿ ಹಾಡಿನ ನಂಬರು. ಮೇಜಿನ ಮೇಲಿನ ಸ್ಪೀಕರ್ ಒಮ್ಮೆ ಕೆಮ್ಮಿ ಪೇಟಿಯ ದನಿ ಬಂತು. ತೀರಿಹೋದ ಮಾಸ್ತರರ ಪೇಟಿ. ನಾನು ತಿರುಗಿ ಕುಳಿತೆ.

ಹಾಡು ಬಂತು. ದೇವರ ಹಾಡು, ನಾವು ಯಾವಾಗಲೂ ಮೊದಲಿಗೆ ಹಾಡುತ್ತಿದ್ದದ್ದು. ದನಿ ತಿಳಿಯಾಗಿತ್ತು, ಮೇಲೆ ಹೋದರೂ ಒಡೆಯುತ್ತಿರಲಿಲ್ಲ. ಪೇಪರ್ ಓದುತ್ತಿದ್ದ ಇಬ್ಬರು ಗಂಡಸರು ತಲೆ ಎತ್ತಿದರು.

"ಆಯಿ! ನಿಮ್ಮ ದನಿ ಹಿಂಗಿತ್ತೇನ್ರಿ? ಈಗ ನೋಡಿದ್ರ ಬರೇ ನಮಗ ಬೈಲಿಕ್ಕಿ ಇಟ್ಕೊಂಡೀರಿ!"

ನಾನು ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕುಳಿತೆ. ನನ್ನ ದನಿ ಇಷ್ಟು ಚೆಂದ ಇತ್ತೆಂದು ನನಗೇ ಗೊತ್ತಿರಲಿಲ್ಲ. ಹಾಡುವಾಗ ಒಳಗಿನಿಂದ ಕೇಳುತ್ತಿದ್ದ ದನಿ ಬೇರೆ, ದಪ್ಪ. ಹೊರಗಿನವರಿಗೆ ಹೀಗೆ ಕೇಳುತ್ತಿತ್ತೇನೋ ಎಂದುಕೊಂಡೆ. ಒಂದಾದ ಮೇಲೊಂದು ಹಾಡು ಮುಗಿಯಿತು. ಆ ಹೊತ್ತಿನಷ್ಟು ಸುಖ ನನಗೆ ಆಪರೇಷನ್ ಆದಮೇಲೆ ಇರಲಿಲ್ಲ. ಬರೆಯಲು ಹೊಟ್ಟೆ ಉರಿಯುತ್ತದೆ, ಆದರೂ ಇದ್ದದ್ದು ಇದ್ದಂತೆ ಬರೆಯಬೇಕು.

ಆಮೇಲೆ ಅವ್ವನ ಹಾಡು ಬಂತು.

ನೀರಿಗಿ ಹೋದಾಕಿ ನಿಂತಾಳ ದಂಡ್ಯಾಗ.

ತಪ್ಪಾಗಿ ಕೇಳಿತೆಂದುಕೊಂಡೆ. ನೀರಾಗ ತನ್ನ ಮಾರಿ ನೋಡ್ಯಾಳ, ಎಂದಿತು. "ಮತ್ತೊಮ್ಮ ಹಾಕು" ಎಂದೆ. ಹಾಕಿದಳು. ನೀರು. ಇನ್ನೊಮ್ಮೆ ಎಂದೆ. ಎಷ್ಟು ಸಲ ಹಾಕಿದರೂ ನೀರೇ.

ನಾನು ಜೀವಮಾನದಲ್ಲಿ ಆ ಹಾಡಿನಲ್ಲಿ ನೀರು ಎಂದಿಲ್ಲ. ಹಾಗಾದರೆ ಅದು ನಾನಲ್ಲ. ಅದು ನಾನಲ್ಲವೆಂದರೆ ಅದಕ್ಕೆ ಮುಂಚಿನ ಹಾಡುಗಳೂ ನಾನಲ್ಲ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತು ಕೇಳಿದ್ದು ನನ್ನ ತಂಗಿಯನ್ನು. ಅವಳು ಮುಂದೆ ನಿಂತು ಹಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ, ಗುರುತು ಹತ್ತಲಿಲ್ಲ. ಮುಂದೆ ಅವಳೇ, ಹಿಂದೆಯೂ ಅವಳೇ. ನಾನು ಎಲ್ಲಿಯೂ ಇಲ್ಲ.

ಗ್ರಂಥಾಲಯದವಳು ಅಷ್ಟರಲ್ಲಿ ತನ್ನ ಮೊಬೈಲಿನಲ್ಲಿ ಏನೋ ಹುಡುಕಿ ಓದುತ್ತಿದ್ದಳು. "ನೋಡ್ರಿ ಆಯಿ, ಇಲ್ಲಿ ಬರದಾರ. ಹಾಡಿನ ಸೀಡಿಯೊಳಗ ಫೈಲ್ ಇರಂಗಿಲ್ಲಂತ. ಅದಕ್ಕ ಮೌಂಟ್ ಮಾಡ್ಲಿಕ್ಕೇ ಬರಂಗಿಲ್ಲ, ಮಾಡೋದೂ ಬೇಕಾಗಿಲ್ಲ. ಹಾಕಿ ಹಂಗೇ ಹಾಡಸಬೇಕಂತ. ವಾಡ್ಯಾಗಿನವರಿಗಿ ಗೊತ್ತಿಲ್ಲೇನು?"

ಕಿವಿಗೆ ವೈರು ಸಿಕ್ಕಿಸಿಕೊಂಡು ಗೋಡೆ ನೋಡುತ್ತ ಕುಳಿತಿದ್ದವರು ಕಣ್ಣ ಮುಂದೆ ಬಂದರು. "ಗೊತ್ತದ" ಎಂದೆ.

"ಈ ಹಾಡು ನನ್ನ ಮೊಬೈಲಿಗಿ ತುಂಬಿಕೊಳ್ಳೇನ್ರಿ? ಶಾಲಿ ಹುಡುಗ್ಯಾರಿಗಿ ಕಲಸಬಹುದು."

"ಬ್ಯಾಡ" ಎಂದೆ ನಾನು.

ಆ ಸಂಜೆ ತಂಗಿಗೆ ಫೋನ್ ಮಾಡಿದೆ.

"ಸೀಡಿ ಹಾಡ್ತು."

"ಯಾವ ಸೀಡಿ ಅಕ್ಕಾ?"

"ನನ್ನ ಹತ್ರ ಎಷ್ಟ ಅವ?"

ಆ ಕಡೆ ಟಿವಿ ನಡೆದಿತ್ತು, ಅದು ನಿಂತಿತು.

"ನೀರು ಅಂತ ಹಾಡೀದಿ" ಎಂದೆ.

"ಮಾಸ್ತರ್ ಕರದ್ರು ಅಕ್ಕಾ. ಸ್ಟುಡಿಯೋದಂವ ನಿನ್ನ ದನಿ ಗಂಡಸರ ದನಿ ಹಂಗ ಅದ ಅಂದ್ನಂತ. ಮ್ಯಾಲ ನಿಂದು ನೀಳ್ಳು ಒಂದು. ಮರುವಾರ ಹೋಗಿ ಎಲ್ಲಾ ನಾನೇ ಹಾಡಿ ಬಂದೆ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬಿಡ್ತಿದ್ದೇನು?"

"ಬಿಡ್ತಿದ್ದಿಲ್ಲ."

"ಮತ್ತ!" ಎಂದಳು, ನ್ಯಾಯ ಗೆದ್ದವಳಂತೆ. ಆಮೇಲೆ ದನಿ ಏರಿಸಿದಳು. "ಸಣ್ಣಾಕಿ ಇದ್ದಾಗಿಂದ ನಿನ್ನ ಬೆನ್ನ ನೋಡ್ಕೋತ ಹಾಡೀನಿ. ಒಮ್ಮ ಮುಂದ ನಿಂತೆ. ಒಂದೇ ಒಮ್ಮ. ಅದಕ್ಕ ಇಷ್ಟ ಏನ್ ಆಗ್ತದ ನಿಂದು?"

"ಮುಂದ ನಿಲ್ತೀನಿ ಅಂತ ಕೇಳ್ಬೇಕಿತ್ತು." ಕೇಳಿದ್ದರೆ ಸರಿಯುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು. ಕೇಳಬೇಕಿತ್ತು. "ಮ್ಯಾಲಿನ ಫೋಟೋದಾಗ ನನ್ನ ಮಾರಿ ಮುಂದ. ಒಳಗ ನಿನ್ನ ದನಿ. ಅದನ್ನ ತಂದು ನನ್ನ ಕೈಯಾಗೇ ಕೊಟ್ಟಿ, ನಿನ್ನ ಸೀಡಿ ಬಂತು ಅಂತ."

ಅವಳು ಅಳತೊಡಗಿದಳು. ಅಳಲಿ ಎಂದು ಬಿಟ್ಟೆ. ನನಗೆ ಬೇಕಾದ ಮಾತು ಇನ್ನೂ ಇತ್ತು.

"ನಾ ಹಾಡಿದ್ದು ಎಲ್ಲಿ ಅದ?"

"ಇಲ್ಲ ಅಕ್ಕಾ. ಅಳಸ್ಯಾರ. ಅದ್ನ ತಗದೇ ನಂದು ತುಂಬ್ಯಾರ."

ಅಷ್ಟರಲ್ಲಿ ಅವಳ ಗಂಡ ಫೋನ್ ತೆಗೆದುಕೊಂಡರು. "ಅಕ್ಕಾರೆ, ಸಿಟ್ಟ ಮಾಡ್ಕೋಬ್ಯಾಡ್ರಿ. ಆಕಿ ಕೈಮುಗದು ಕೇಳ್ಕೊಂಡಿದ್ಳು. ಆದ್ರ ನಾ ಸುಳ್ಳ ಹೇಳಿಲ್ರಿ. ಮೌಂಟ್ ಆಗಂಗಿಲ್ಲ ಅಂದೆ. ಖರೇನೇ ಆಗಂಗಿಲ್ಲ."

"ಹಾಡ್ತದೋ ಇಲ್ಲೋ?"

"ಅದು ನೀವು ಕೇಳಲಿಲ್ಲಲ್ರಿ."

ಫೋನ್ ಇಟ್ಟೆ. ಸುಳ್ಳು ಹೇಳಿದವರನ್ನು ಬೈಯಬಹುದು. ಖರೆ ಹೇಳಿ ಮೋಸ ಮಾಡಿದವರಿಗೆ ಯಾವ ಬೈಗುಳ ಇದೆ? ನನಗೆ ಬೈಗುಳ ಬಹಳ ಬರುತ್ತವೆ, ಅವತ್ತು ಒಂದೂ ಹೊಂದಲಿಲ್ಲ. ಯಂತ್ರ ಬೇಡ ಎಂದಿತು ಎಂದು ಇಷ್ಟು ದಿನ ಅದರ ಮೇಲೆ ಮುನಿಸಿಕೊಂಡಿದ್ದೆ. ಆ ಬಡಪಾಯಿ ಡಬ್ಬಿ ಹಾಕಿದ ಕೂಡಲೇ ಹಾಡುವಂಥದು. ಬೇಡ ಎಂದವರು ಅದರ ಮುಂದೆ ಕೂತವರು, ಪಾತ್ರೆ ತೊಳೆಯುತ್ತಿದ್ದವಳು.

ಮರುದಿನ ಬೆಳಿಗ್ಗೆ ಸೇಡಂನಲ್ಲಿ ಪ್ಯಾಸೆಂಜರ್ ಹತ್ತಿ ವಾಡಿಗೆ ಹೋದೆ. ಚಿತ್ತಾಪುರ ಬಂದಾಗ ಮಾಸ್ತರರ ನೆನಪಾಯಿತು, ಕಿಟಕಿಯಿಂದ ಆಚೆ ನೋಡಲಿಲ್ಲ. ತಂಗಿಯ ಮನೆಯ ಒಳಗೆ ಹೋಗದೆ ಅಂಗಳದಲ್ಲಿ ನಿಂತೆ. ಅವಳ ಗಂಡ ನನ್ನನ್ನು ಕಂಡು ಹಿತ್ತಲಿಗೆ ಹೋದರು. ಬಂದವರಿಗೆ ಮೊದಲು ನೀರು ಕೊಡುವುದು ನಮ್ಮ ಕಡೆಯ ರೀತಿ. ಕೊಟ್ಟ ನೀರು ಮುಟ್ಟಲಿಲ್ಲವೆಂದರೆ ಆ ಮನೆಯ ಜೊತೆ ಮುಗಿಯಿತು ಎಂದೇ. ಅದು ಅವಳಿಗೂ ಗೊತ್ತು. ತಂಬಿಗೆ ತುಂಬಿಕೊಂಡು ಹೊರಗೆ ಬಂದಳು. ಕಣ್ಣು ಊದಿದ್ದವು. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು.

"ಅಕ್ಕಾ, ನೀಳ್ಳು ಕುಡಿ."

ಸರಿಯಾಗಿ ಅಂದಳು. ಅವ್ವ ಅನ್ನುತ್ತಿದ್ದಂತೆಯೇ, ನಾಲಿಗೆ ಪೂರಾ ಮಡಚಿ. ಅವಳಿಗೆ ಬರುತ್ತಿತ್ತು. ಮೊದಲಿನಿಂದಲೂ ಬರುತ್ತಿತ್ತು.

ತಂಬಿಗೆ ತೆಗೆದುಕೊಂಡು ಅಂಗಳದ ಕರಿಬೇವಿನ ಬುಡಕ್ಕೆ ಸುರಿದೆ. ಖಾಲಿ ತಂಬಿಗೆಯನ್ನು ಮೆಟ್ಟಿಲ ಮೇಲೆ ಬೋರಲು ಇಟ್ಟೆ, ಅದರ ಮೇಲೆ ಸೀಡಿ ಇಟ್ಟೆ, ಬಂದ ದಾರಿಯಲ್ಲೇ ಸ್ಟೇಷನ್ನಿಗೆ ನಡೆದೆ.